ಮಗುವಿನ ಬೆಳಗನ್ನೇ ಬಿಟ್ಟ ಇಂಗ್ಲಿಷ್ ಪಾಠ

ಸಣ್ಣ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಪುಸ್ತಕಗಳಲ್ಲಿ, ಸ್ಟೇಷನರಿ ಅಂಗಡಿಯ ಚಾರ್ಟುಗಳಲ್ಲಿ, ಮೊಬೈಲಿನ ವಿಡಿಯೊಗಳಲ್ಲಿ ಬೆಳಗಿನ ದಿನಚರಿಯ ಪಾಠ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಬರುತ್ತದೆ. ಅಲಾರಾಂ ಹೊಡೆಯುತ್ತದೆ, ಪೈಜಾಮ ತೊಟ್ಟ ಮಗು ಮಂಚದಿಂದ ಇಳಿಯುತ್ತದೆ, ಬಿಳಿ ಬೇಸಿನ್ನಿನ ಮುಂದೆ ಹಲ್ಲುಜ್ಜುತ್ತದೆ, ಶವರಿನ ಕೆಳಗೆ ನಿಲ್ಲುತ್ತದೆ. ಮೇಜಿನ ಮೇಲೆ ಬ್ರೆಡ್ಡು ಹಾಲು, ಬಾಗಿಲಲ್ಲಿ ಹಳದಿ ಬಸ್ಸು. ಪ್ರತಿ ಚಿತ್ರದ ಕೆಳಗೆ ಒಂದು ಪದ. ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಶಾಲೆಯ ಮಗುವೂ ಚಿಕ್ಕಮಗಳೂರು ಪೇಟೆಯ ಕಾನ್ವೆಂಟಿನ ಮಗುವೂ ಅದನ್ನು ಒಕ್ಕೊರಲಿನಲ್ಲಿ ಹೇಳಿ ಒಪ್ಪಿಸುತ್ತವೆ. ಬೆಳಗನ್ನು ಇಂಗ್ಲಿಷಿನ ಮೊದಲ ಪಾಠಗಳ ಸಾಲಿನಲ್ಲಿ ಇಟ್ಟವರ ಬುದ್ಧಿ ಸರಿಯಾಗಿಯೇ ಇದೆ. ದಿನವೂ ನಡೆಯುವ, ಯಾರೂ ಬಿಡಿಸಿ ಹೇಳಬೇಕಿಲ್ಲದ, ಮೈಕೈಗೆ ಅಭ್ಯಾಸವಾಗಿರುವ ಸಂಗತಿ ಅದು. ಆದರೆ ಆ ಪಾಠದಲ್ಲಿ ಕಲಿಯುವ ಮಗುವಿನ ಬೆಳಗೇ ಇಲ್ಲ. ಇರುವುದು ಸಾಮಾನುಗಳ ಪಟ್ಟಿ, ಅದೂ ಬೇರೊಬ್ಬರ ಮನೆಯ ಸಾಮಾನು. ಕಾಫಿ ಸೀಮೆಯ ಶಾಲೆಗಳು ಈ ಪಟ್ಟಿಯನ್ನು ಬದಿಗಿಟ್ಟು, ತಮ್ಮ ಅಂಗಳದಲ್ಲಿ ದಿನಾ ನಡೆಯುವ ಬೆಳಗನ್ನೇ, ಅದು ನಡೆಯುವ ಹೊತ್ತಿನಲ್ಲೇ, ಇಂಗ್ಲಿಷ್ ವಾಕ್ಯಗಳಾಗಿ ಕಲಿಸಬೇಕು ಎಂಬುದು ನನ್ನ ವಾದ.

ಇಲ್ಲಿನ ಬೆಳಗು ಎಂಥದ್ದು? ಒಂದೇ ಹೋಬಳಿಯಲ್ಲಿ ಹಲವು ಬಗೆ. ಜುಲೈನಲ್ಲಿ ಕಳಸ, ಬಾಳೂರು, ಕೊಟ್ಟಿಗೆಹಾರದ ಕಡೆ ಮಗು ಏಳುವಾಗ ಹೊರಗೆ ಕತ್ತಲೆ, ಹೆಂಚಿನ ಮೇಲೆ ಮಳೆ. ಒಣಗದ ಯೂನಿಫಾರಂ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಿರುತ್ತದೆ. ಬಚ್ಚಲೊಲೆಗೆ ಸೌದೆ ತುರುಕಿದರೆ ಹಂಡೆಯಲ್ಲಿ ಬಿಸಿನೀರು. ಅಕ್ಕಿರೊಟ್ಟಿಯೋ ಕಡುಬೋ ರಾತ್ರಿ ಮಿಕ್ಕ ಅನ್ನವೋ ತಿಂದು, ಬೆಲ್ಲದ ಕಾಫಿ ಕುಡಿದು, ಕೊಡೆ ಬಿಚ್ಚಿ ಕಾಲುದಾರಿ ಹಿಡಿಯಬೇಕು. ಶಾಲೆಯ ಜಗಲಿ ಮುಟ್ಟಿದೊಡನೆ ಮೊದಲ ಕೆಲಸ ಕಾಲಿಗೆ ಹತ್ತಿದ ಇಂಬಳ ಕೀಳುವುದು. ಮಳೆಗೆ ರಜೆ ಕೊಟ್ಟಿದ್ದಾರೋ ಇಲ್ಲವೋ ಎಂದು ಮನೆಯವರ ಮೊಬೈಲಿನಲ್ಲಿ ಜಿಲ್ಲಾಧಿಕಾರಿಗಳ ಆದೇಶ ಹುಡುಕುವುದೂ ಇಲ್ಲಿನ ಮಳೆಗಾಲದ ದಿನಚರಿಯೇ. ನವೆಂಬರಿನಿಂದ ಫೆಬ್ರುವರಿವರೆಗೆ ಚಿತ್ರ ಬೇರೆ. ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಹಣ್ಣಿನ ಕುಯ್ಲು. ತೋಟದ ಕೂಲಿಯವರ ಲೈನು ಮನೆಯ ತಾಯಿ ಹಾಜರಿಗೆ ಹೊರಡುವುದರೊಳಗೆ ಅಡುಗೆ ಮುಗಿಸಿರಬೇಕು. ತಮ್ಮನ ಮುಖ ತೊಳೆಸಿ, ಅಂಗಿ ತೊಡಿಸಿ, ಅಂಗನವಾಡಿಗೆ ಬಿಟ್ಟು ಬರುವುದು ಎಷ್ಟೋ ಕಡೆ ಎರಡನೇ ತರಗತಿಯ ಅಕ್ಕನ ಪಾಲು. ತೋಟದ ಯಜಮಾನರ ಮಗು ಕಣದಲ್ಲಿ ಹರಡಿದ ಕಾಫಿಯನ್ನು ಬಳಸಿಕೊಂಡು ಹೋಗಿ ಜೀಪು ಹತ್ತುತ್ತದೆ. ಆಲ್ದೂರು, ಮೂಡಿಗೆರೆ ಭಾಗದಲ್ಲಿ ಆನೆ ತೋಟಕ್ಕೆ ಇಳಿದಿದೆ ಎಂಬ ಸುದ್ದಿ ಬಂದ ದಿನ ಯಾರೂ ಮಕ್ಕಳನ್ನು ಒಂಟಿಯಾಗಿ ಕಳಿಸುವುದಿಲ್ಲ. ಚಾರ್ಟಿನ ಆರು ಚಿತ್ರಗಳಿಗಿಂತ ಈ ಬೆಳಗಿನಲ್ಲಿ ಕೆಲಸ ಹೆಚ್ಚು, ಮಾತಿಗೆ ವಸ್ತುವೂ ಹೆಚ್ಚು.

ಈ ಮಕ್ಕಳಿಗೆ ಇಂಗ್ಲಿಷಿನ ಒಂದು ಪದವೂ ತಿಳಿಯದು ಎಂದುಕೊಂಡೇ ಪಾಠ ಶುರುವಾಗುತ್ತದೆ. ಎಡವಟ್ಟು ಅಲ್ಲೇ. ಬ್ರಶ್ಶು, ಪೇಸ್ಟು, ಸೋಪು, ಟವೆಲ್ಲು, ಬಕೆಟ್ಟು, ಮಗ್ಗು, ಪ್ಲೇಟು, ಗ್ಲಾಸು, ಯೂನಿಫಾರಂ, ಶೂ, ಸಾಕ್ಸು, ಬ್ಯಾಗು, ಬಸ್ಸು, ಬೆಲ್ಲು, ಲೇಟು ಎಲ್ಲವೂ ಒಂದನೇ ತರಗತಿಗೆ ಸೇರುವ ಮೊದಲೇ ಬಾಯಲ್ಲಿವೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಪ್ಲಾಂಟರುಗಳು ಕಾಲಿಟ್ಟ ಸೀಮೆ ಇದು. ಎಸ್ಟೇಟು, ಲೈನು, ರೈಟರು, ಪಲ್ಪರು ಇಲ್ಲಿ ಕೂಲಿಯವರ ಮನೆಮಾತು. ಹೀಗಿರುವಾಗ ಚಾರ್ಟು ಕಲಿಸುವುದು ಮಗುವಿಗೆ ಆಗಲೇ ಇರುವ ಅರ್ಧವನ್ನು, ಉಚ್ಚಾರಣೆ ಸ್ವಲ್ಪ ತಿದ್ದಿ, ಕಾಗುಣಿತ ಸೇರಿಸಿ. ಇಲ್ಲದ ಇನ್ನರ್ಧ ಕೆಲಸದ ಪದಗಳದ್ದು: ಏಳು, ಮಡಿಸು, ಗುಡಿಸು, ತಾ, ಹೊತ್ತಿಸು, ಸುರಿ, ಒರೆಸು, ತೊಡು, ಕಳಚು, ಕಾಯು, ಎತ್ತಿಕೊ. ಜೊತೆಗೆ ಮೊದಲು, ಆಮೇಲೆ, ಅಷ್ಟರಲ್ಲಿ, ಇನ್ನೂ, ಆಗಲೇ ಎಂಬಂಥ ಪುಟ್ಟ ಪದಗಳು. ಇವಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ತಿಳಿಯದ ಮಗು ಐದನೇ ತರಗತಿಗೆ ಬಂದರೂ, ಬೆಳಿಗ್ಗೆ ಏನು ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ‘ಬ್ರಶ್’ ಎನ್ನುತ್ತದೆ, ‘ಬಸ್’ ಎನ್ನುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಮಕ್ಕಳ ಕಲಿಕೆಯ ಸಮೀಕ್ಷೆಯಾದ ‘ಅಸರ್’ನ 2022ರ ವರದಿಯ ಪ್ರಕಾರ ದೇಶದ ಗ್ರಾಮೀಣ ಭಾಗದ ಐದನೇ ತರಗತಿಯ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ 24.5. ಆರು ವರ್ಷ ಹಿಂದೆ, 2016ರಲ್ಲಿ, ಅದು ಶೇ 24.7 ಇತ್ತು. ಇಷ್ಟು ವರ್ಷ ಪದ ಒಪ್ಪಿಸಿದ್ದರ ಫಲ ವಾಕ್ಯದವರೆಗೆ ತಲುಪಿಲ್ಲ ಎಂದೇ ನಾನು ಇದನ್ನು ಓದುತ್ತೇನೆ.

ಪಟ್ಟಿ ಮಾಡಿ ಕಲಿಸುವುದಕ್ಕೆ ಇನ್ನೊಂದು ತೊಡಕಿದೆ. ಒಂದೇ ಗುಂಪಿನ ಪದಗಳನ್ನು ಒಟ್ಟಿಗೆ ಕಲಿತರೆ ಸುಲಭ ಎಂದು ನಮಗೆಲ್ಲ ಅನ್ನಿಸುವುದು ಸಹಜ. ಥಾಮಸ್ ಟಿಂಕಮ್ ಎಂಬ ಸಂಶೋಧಕ 1993ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ. ಒಂದೇ ವರ್ಗದ ಹೊಸ ಪದಗಳನ್ನು ಒಟ್ಟಿಗೆ ಕೊಟ್ಟಾಗ ಕಲಿಯುವವರು ಒಂದನ್ನು ಇನ್ನೊಂದರ ಜೊತೆ ಗೊಂದಲ ಮಾಡಿಕೊಂಡು ತಡವಾಗಿ ಕಲಿತರು. ಸಂಬಂಧವಿಲ್ಲದ ಪದಗಳನ್ನು ಬೇಗ ಕಲಿತರು. ರಾಬ್ ವೇರಿಂಗ್ 1997ರಲ್ಲಿ ಜಪಾನೀ ಭಾಷಿಕರ ಜೊತೆ ಇದನ್ನೇ ಮತ್ತೆ ನಡೆಸಿ ಅಂಥದೇ ಫಲ ಪಡೆದರು. ಅದೇ ವರ್ಷ ಟಿಂಕಮ್ ಇನ್ನೂ ಒಂದು ಸಂಗತಿ ತೋರಿಸಿದರು: ಕಪ್ಪೆ, ಕೊಳ, ಹಸಿರು, ಜಿಗಿ ಎಂಬಂತೆ ಒಂದೇ ಸನ್ನಿವೇಶದಲ್ಲಿ ಕೂಡಿಬರುವ ಪದಗಳು ಮಾತ್ರ ಒಟ್ಟಿಗೆ ಕಲಿಯಲು ಸಲೀಸು. ದೊಡ್ಡವರ ಮೇಲೆ, ಕೃತಕ ಪದಗಳನ್ನು ಇಟ್ಟು ನಡೆಸಿದ ಪ್ರಯೋಗಗಳು ಇವು. ಆರು ವರ್ಷದ ಮಗುವಿನ ಬಗ್ಗೆ ಇದರಿಂದಲೇ ತೀರ್ಪು ಹೇಳುವುದು ದುಡುಕು. ಆದರೂ ತರಗತಿಯಲ್ಲಿ ಸೋಪು-ಟವೆಲು, ಶರ್ಟು-ಸ್ಕರ್ಟುಗಳ ಗೊಂದಲ ಕಂಡ ಶಿಕ್ಷಕರಿಗೆ ಇದು ಹೊಸ ವಿಚಾರ ಎನ್ನಿಸಲಾರದು. ‘ಹಾಲು ಬಿಸಿಯಾಗಿದೆ, ಊದು, ತಾಳು, ಈಗ ಕುಡಿ’ ಎಂಬ ನಾಲ್ಕು ಮಾತು ಒಂದು ಸನ್ನಿವೇಶ. ‘ಬ್ರಶ್, ಕೋಂಬ್, ಟವೆಲ್, ಸೋಪ್’ ಬರೀ ಅಂಗಡಿ ಚೀಟಿ. ಹತ್ತೊಂಬತ್ತನೇ ಶತಮಾನದ ನಡುವೆಯೇ ಇಂಗ್ಲೆಂಡಿನಲ್ಲಿ ದಾಖಲಾದ, ಮಲ್ಬರಿ ಪೊದೆಯ ಸುತ್ತ ಕೈಹಿಡಿದು ಆಡುವ ಶಿಶುಪದ್ಯದ ಗುಟ್ಟೂ ಇದೇ. ಮುಖ ತೊಳೆಯುವುದು, ತಲೆ ಬಾಚುವುದು, ಶಾಲೆಗೆ ಹೋಗುವುದು ಒಂದೇ ವಾಕ್ಯದ ಚೌಕಟ್ಟಿನಲ್ಲಿ, ಅಭಿನಯದ ಜೊತೆ ಬರುತ್ತವೆ. ಬದಲಾಗುವುದು ಕೆಲಸ ಮಾತ್ರ. ಆ ಪದ್ಯದ ಚಳಿಯ ಬೆಳಗು ಡಿಸೆಂಬರಿನ ಬಾಬಾಬುಡನ್‌ಗಿರಿ ತಪ್ಪಲಿಗೆ ಸಲ್ಲುವಂಥದೇ. ಮಲ್ಬರಿ ಮಾತ್ರ ಕೋಲಾರ, ರಾಮನಗರದ ಕಡೆಯದು. ಇಲ್ಲಿ ಸಿಲ್ವರ್ ಓಕಿನ ಸುತ್ತ ಸುತ್ತಿದರೆ ಯಾರೂ ಬೇಡವೆನ್ನರು.

ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡದ ಸೊಲ್ಲೇ ಎತ್ತಬಾರದು ಎಂಬ ಹಟ ಕೆಲವು ಶಾಲೆಗಳಲ್ಲಿದೆ. ಬೆಳಗಿನ ಪಾಠಕ್ಕೆ ಅದು ನೇರ ನಷ್ಟ. ‘ಎದ್ದು ಮುಖ ತೊಳ್ಕಂಡು ಕಾಫಿ ಕುಡ್ದು ಬಂದೆ’ ಎನ್ನುವ ಆರು ವರ್ಷದ ಮಗು ನಾಲ್ಕು ಕೆಲಸವನ್ನು ಕ್ರಮ ತಪ್ಪದೆ ಒಂದೇ ಉಸಿರಿನಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ಇದೇ ಮಾತು ಒಡೆದು ಹೋಗುತ್ತದೆ: ಒಂದೊಂದು ಕೆಲಸಕ್ಕೂ ಪೂರ್ತಿ ಕ್ರಿಯಾಪದ ಬೇಕು, ನಡುವೆ ‘ಆ್ಯಂಡ್ ದೆನ್’ ಬೇಕು, ಮುಖ ಯಾರದೆಂದು ಹೇಳಲು ‘ಮೈ’ ಬೇಕು. ನಮ್ಮಲ್ಲಿ ‘ತೊಳ್ಕಂಡು’ ಎಂದರೆ ಸಾಕು, ಮುಖ ನನ್ನದೇ. ಇಂಗ್ಲಿಷ್ ಬರವಣಿಗೆಯಲ್ಲಿ ಈ ‘ಮೈ’ ಬಿಟ್ಟುಹೋಗುವುದು ದಡ್ಡತನದಿಂದಲ್ಲ. ಕನ್ನಡದ ಚೊಕ್ಕ ವ್ಯವಸ್ಥೆಯನ್ನೇ ಮಗು ಅಲ್ಲಿಗೂ ಒಯ್ದಿದೆ. ‘ಆರಕ್ಕೆ ಏಳ್ತೀನಿ’ ಎಂಬುದು ನಮ್ಮಲ್ಲಿ ದಿನಾ ಏಳುವುದಕ್ಕೂ ನಾಳೆ ಏಳುವುದಕ್ಕೂ ಆಗುತ್ತದೆ, ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ರೂಪ. ಇದನ್ನು ಕನ್ನಡದಲ್ಲೇ ಒಂದು ನಿಮಿಷ ಹೇಳಿದರೆ ಮುಗಿಯಿತು. ಹೇಳದೆ ಬಿಟ್ಟರೆ ಹೈಸ್ಕೂಲಿನವರೆಗೂ ಕೆಂಪು ಶಾಯಿ. ಮೊದಲ ಭಾಷೆಯಲ್ಲಿ ಗಟ್ಟಿಯಾದ ತಿಳಿವಳಿಕೆ ಎರಡನೆಯ ಭಾಷೆಗೆ ಸಾಗಿ ಬರುತ್ತದೆ ಎಂದು ಕೆನಡಾದ ಜಿಮ್ ಕಮಿನ್ಸ್ 1979ರಿಂದಲೇ ವಾದಿಸುತ್ತ ಬಂದಿದ್ದಾರೆ. ಬೆಳಗಿನ ಕತೆಯನ್ನು ಮಗು ಮೊದಲು ತನ್ನ ಮಾತಿನಲ್ಲಿ ಪೂರ್ತಿ ಹೇಳಲಿ. ಇಂಗ್ಲಿಷ್ ವಾಕ್ಯ ಅದರ ಹಿಂದೆ ಬರಲಿ.

ತನ್ನ ಮಾತು ಎಂದರೆ ಕನ್ನಡವೇ ಎಂದುಕೊಳ್ಳುವಂತಿಲ್ಲ. ಕಳಸ, ಮೂಡಿಗೆರೆಯ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು, ಮಲಯಾಳ ಇವೆ. ತೋಟಗಳ ಲೈನುಗಳಲ್ಲಿ ತಲೆಮಾರುಗಳಿಂದ ತಮಿಳು ಇದೆ. ಈಚೆಗೆ ಅಸ್ಸಾಮಿನಿಂದ, ಉತ್ತರದ ಇತರ ರಾಜ್ಯಗಳಿಂದ ಬಂದ ಕುಟುಂಬಗಳ ಭಾಷೆಗಳೂ ಸೇರಿವೆ. ಅಸ್ಸಾಮಿನ ಮಗುವಿಗೆ ಕನ್ನಡ, ಇಂಗ್ಲಿಷ್ ಎರಡೂ ಏಕಕಾಲಕ್ಕೆ ಹೊಸವು. ಚಿತ್ರ ತೋರಿಸಿ ಕನ್ನಡದಲ್ಲಿ ಅರ್ಥ ಹೇಳುವ ಪಾಠ ಈ ಮಗುವಿಗೆ ಏನನ್ನೂ ಕೊಡುವುದಿಲ್ಲ. ಎದುರಿಗೆ ನಡೆಯುವ ಕೆಲಸ ಮಾತ್ರ ಎಲ್ಲರಿಗೂ ಒಂದೇ ಸಲ ಅರ್ಥವಾಗುತ್ತದೆ.

ಇಲ್ಲಿ ನಾನು ಅತ್ಯಂತ ಗಂಭೀರವಾಗಿ ತೆಗೆದುಕೊಳ್ಳುವ ಆಕ್ಷೇಪವೊಂದಿದೆ. ಮಗುವಿನ ಸ್ವಂತ ಬೆಳಗನ್ನು ತರಗತಿಗೆ ತನ್ನಿ ಎನ್ನುವುದು ಕೇಳಲು ಚೆಂದ, ಆದರೆ ಅದರಲ್ಲಿ ಅವಮಾನದ ಬೀಜವೂ ಇದೆ. ಯಾರ ಮನೆಯಲ್ಲಿ ಬಚ್ಚಲಿದೆ, ಯಾರು ಹೊಳೆಗೆ ಹೋಗುತ್ತಾರೆ, ಯಾರು ತಿಂಡಿ ತಿಂದು ಬಂದರು, ಯಾರು ಬರೀ ಕಾಫಿ ಕುಡಿದು ಬಂದರು, ಏನು ತಿಂದರು ಎಂಬ ಪ್ರಶ್ನೆಗಳು ನಮ್ಮ ಊರುಗಳಲ್ಲಿ ಜಾತಿಯನ್ನೂ ಬಡತನವನ್ನೂ ಕೂಲಿ-ಯಜಮಾನರ ಅಂತರವನ್ನೂ ಒಂದೇ ಏಟಿಗೆ ಬಯಲು ಮಾಡುತ್ತವೆ. ಯಜಮಾನರ ಮಗನ ಪಕ್ಕದಲ್ಲಿ ಕೂತ ಲೈನು ಮನೆಯ ಹುಡುಗಿ ಸುಳ್ಳು ಹೇಳಲು ಕಲಿಯುತ್ತಾಳೆ, ಇಲ್ಲವೇ ಬಾಯಿ ಮುಚ್ಚುತ್ತಾಳೆ. ಚಾರ್ಟಿನ ಅಪರಿಚಿತ ಮನೆ ಎಲ್ಲರಿಗೂ ಅಷ್ಟೇ ದೂರ, ಆದ್ದರಿಂದ ಅದೇ ಕ್ಷೇಮ ಎಂದು ವಾದಿಸುವವರ ಮಾತಿನಲ್ಲಿ ಹುರುಳಿದೆ. ಅದಕ್ಕೇ ನಾನು ಹೇಳುವುದು ಮನೆಯ ಬೆಳಗಿಗಿಂತ ಶಾಲೆಯ ಬೆಳಗು ಮೊದಲು ಎಂದು. ಗೇಟು ತೆರೆಯುವುದು, ಕೊಡೆ ಮಡಿಸಿ ಇಡುವುದು, ಚಪ್ಪಲಿ ಕಳಚುವುದು, ಜಗಲಿ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಬೆಲ್ ಹೊಡೆಯುವುದು, ಸಾಲು ನಿಲ್ಲುವುದು, ಪ್ರಾರ್ಥನೆ, ಹಾಜರಿ ಕೂಗುವುದು, ಕೈ ತೊಳೆಯುವುದು, ಲೋಟ ಹಿಡಿಯುವುದು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ 150 ಮಿಲಿ ಲೀಟರ್ ಬಿಸಿ ಹಾಲು ಸಿಗುತ್ತಿದೆ; 2024ರಿಂದ ವಾರಕ್ಕೆ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಸೇರಿದೆ. ಇದಕ್ಕಿಂತ ಒಳ್ಳೆಯ ಇಂಗ್ಲಿಷ್ ಪಾಠದ ಸಾಮಗ್ರಿ ಯಾವ ಪ್ರಕಾಶಕರ ಬಳಿ ಇದೆ? ಯಜಮಾನರ ಮಗುವಿಗೂ ಕೂಲಿಯವರ ಮಗುವಿಗೂ ಅದೇ ಹಾಲು, ಅದೇ ಲೋಟ, ಅದೇ ಸಾಲು. ಹಾಲು ಸುರಿಯುವಾಗ ಸುರಿಯುವ ಮಾತು, ಊದುವಾಗ ಊದುವ ಮಾತು, ಲೋಟ ತೊಳೆದು ಬೋರಲು ಹಾಕುವಾಗ ಆ ಮಾತು. ಆಜ್ಞೆ ಕೇಳಿ ಮೈಯಿಂದ ಮಾಡಿ ಕಲಿಯುವ ಈ ಕ್ರಮಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲೇ ಶಾಸ್ತ್ರದ ರೂಪ ಕೊಟ್ಟರು. ಮಗು ತಕ್ಷಣ ಮಾತಾಡಲೇಬೇಕೆಂಬ ಒತ್ತಡ ಅಲ್ಲಿ ಇಲ್ಲ, ಮೊದಲು ಕೇಳಿ ಮಾಡಿದರೆ ಸಾಕು. ಇಷ್ಟಾದ ಮೇಲೆ, ಮನೆಯ ಸುದ್ದಿ ಹೇಳಬೇಕೆನಿಸಿದ ಮಗು ತಾನಾಗಿ ಹೇಳಲಿ. ಕೇಳಿ ಹೊರಗೆಳೆಯುವುದು ಬೇಡ.

ಇಂಥದ್ದೆಲ್ಲ ಪರದೇಶದ ಪ್ರಯೋಗ, ನಮ್ಮ ಶಾಲೆಗೆ ಆಗಿಬರದು ಎನ್ನುವವರಿಗೆ ಬೆಂಗಳೂರಿನ ಹೆಸರಿನಲ್ಲೇ ಲೋಕಪ್ರಸಿದ್ಧವಾದ ಉದಾಹರಣೆ ಇದೆ. ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್.ಎಸ್. ಪ್ರಭು 1979ರಿಂದ ಐದು ವರ್ಷ ಬೆಂಗಳೂರು, ಮದ್ರಾಸು ಸೇರಿ ದಕ್ಷಿಣದ ಕೆಲವು ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಟ್ಟಿ, ಪದದ ಪಟ್ಟಿ ಬಿಟ್ಟು ಇಂಗ್ಲಿಷ್ ಕಲಿಸಿ ನೋಡಿದರು. ಮಕ್ಕಳ ಮುಂದೆ ಇಟ್ಟದ್ದು ರೈಲಿನ ವೇಳಾಪಟ್ಟಿ, ನಕ್ಷೆ, ಇಂಥ ಕೆಲಸಗಳು: ಈ ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ, ಯಾವುದು ಬೇಗ ತಲುಪುತ್ತದೆ? ಉತ್ತರ ಹುಡುಕುವ ತವಕದಲ್ಲಿ ಭಾಷೆ ಹಿಂದಿನಿಂದ ಬಂದು ಸೇರಲಿ ಎಂಬುದು ಅವರ ನಂಬಿಕೆ. 1985ರಲ್ಲಿ ಅಲನ್ ಬೆರೆಟ್ಟ ಮತ್ತು ಅಲನ್ ಡೇವಿಸ್ ನಡೆಸಿದ ಮೌಲ್ಯಮಾಪನ ತುಂಬ ಎಚ್ಚರಿಕೆಯ ಮಾತುಗಳಲ್ಲಿ ಈ ದಾರಿಯ ಪರವಾಗಿಯೇ ಬಂತು. ಪ್ರಭು ಅವರ ಪುಸ್ತಕ 1987ರಲ್ಲಿ ಹೊರಬಂದ ಮೇಲೆ ಕೆಲಸದ ಮೂಲಕ ಭಾಷೆ ಕಲಿಸುವವರೆಲ್ಲ ಜಗತ್ತಿನಾದ್ಯಂತ ಬೆಂಗಳೂರಿನ ಹೆಸರು ಹೇಳುವಂತಾಯಿತು. ಆ ಮಕ್ಕಳಲ್ಲಿ ಹೆಚ್ಚಿನವರು ಆಗಲೇ ಸ್ವಲ್ಪ ಇಂಗ್ಲಿಷ್ ಕಲಿತವರು, ಅಕ್ಷರ ತಿದ್ದುವ ವಯಸ್ಸಿನವರಲ್ಲ ಎಂಬುದೂ ನಿಜವೇ. ಹಾಗಾಗಿ ವೇಳಾಪಟ್ಟಿಯ ಪಾಠ ನಾಲ್ಕು, ಐದನೇ ತರಗತಿಗೆ ಇರಲಿ. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಬಸ್ಸಿನ ಹೊತ್ತು ಮಲೆನಾಡಿನ ಮನೆಗಳಲ್ಲಿ ಇನ್ನೂ ದೊಡ್ಡ ಪ್ರಶ್ನೆಯಾಗಿದೆ. ಕಳಸದಿಂದ ಮೂಡಿಗೆರೆಗೆ ಮೊದಲ ಬಸ್ಸು ಎಷ್ಟಕ್ಕೆ, ಅದು ತಪ್ಪಿದರೆ ಪ್ರಾರ್ಥನೆಯ ಹೊತ್ತಿಗೆ ಮುಟ್ಟಲು ಎಷ್ಟಕ್ಕೆ ಏಳಬೇಕು ಎಂದು ಇಂಗ್ಲಿಷಿನಲ್ಲಿ ಲೆಕ್ಕ ಹಾಕುವ ಮಗು ಬೆಳಗಿನ ಪದಗಳನ್ನು ಬೇಡವೆಂದರೂ ಬಳಸಲೇಬೇಕು.

ಪೋಷಕರ ಆಕ್ಷೇಪ ಬೇರೆ. ನಮ್ಮ ಮಗು ತೋಟದಾಚೆ ಹೋಗಲಿ ಎಂದೇ ಇಂಗ್ಲಿಷ್ ಕಲಿಸುತ್ತಿದ್ದೇವೆ, ಅಲ್ಲೂ ಹಂಡೆ, ಇಂಬಳವೇ ಎಂದು ಅವರು ಕೇಳಿದರೆ ತಪ್ಪಿಲ್ಲ. ಹಾಗೆ ಕೇಳುವವರಲ್ಲಿ ಕೂಲಿಯವರೇ ಹೆಚ್ಚಿರಬಹುದು. ಪ್ರತಿ ಪೈಸೆ ಎಣಿಸಿ ವ್ಯಾನಿನ ಬಾಡಿಗೆ ಕಟ್ಟುವವರು ಅವರು. ಅವರಿಗೆ ಕೊಡಬೇಕಾದ ಉತ್ತರ ಇದು: ‘ಪೋರ್’, ‘ವೈಪ್’, ‘ವೇಟ್ ಫಾರ್’, ‘ಪುಟ್ ಆನ್’ ಎಂಬ ಮಾತುಗಳಿಗೆ ತೋಟದ್ದು, ಪೇಟೆಯದು ಎಂಬ ಭೇದವಿಲ್ಲ. ಹಂಡೆಯಿಂದ ನೀರು ತೋಡಿಕೊಳ್ಳುವಾಗ ಕಲಿತ ಕ್ರಿಯಾಪದ ಬೆಂಗಳೂರಿನ ಹಾಸ್ಟೆಲ್ಲಿಗೂ ಬರುತ್ತದೆ, ದುಬೈಗೂ ಬರುತ್ತದೆ. ಹಂಡೆ, ಕಡುಬುಗಳಿಗೆ ಇಂಗ್ಲಿಷ್ ಹೆಸರು ಹುಡುಕುವ ಕಸರತ್ತೂ ಬೇಡ, ಇಂಗ್ಲಿಷ್ ವಾಕ್ಯದ ನಡುವೆ ಅವು ಹಾಗೇ ಕೂರಲಿ. ಶವರು, ಟೋಸ್ಟರುಗಳ ಹೆಸರು ಕಂಡ ದಿನ ಒಂದು ನಿಮಿಷದಲ್ಲಿ ತಿಳಿಯುತ್ತದೆ, ಅದಕ್ಕೆ ಒಂದನೇ ತರಗತಿಯ ಎರಡು ವಾರ ಕೊಡುವುದು ದುಂದು.

ಕನ್ನಡ ಗಟ್ಟಿಯಾಗುವವರೆಗೆ ಇಂಗ್ಲಿಷೇ ಬೇಡ ಎನ್ನುವವರ ಕಳಕಳಿಯನ್ನು ನಾನು ಬಲ್ಲೆ. ತತ್ತ್ವವಾಗಿ ಅದರ ಪಕ್ಕದಲ್ಲೇ ನನ್ನ ನಿಲುವೂ ಇದೆ. ಆದರೆ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಬಂದದ್ದು 2007-08ರಲ್ಲಿ. ಬೋಧನಾ ಮಾಧ್ಯಮದ ಆಯ್ಕೆ ಪೋಷಕರದು, ಮಾತೃಭಾಷೆಯನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2014ರ ಮೇ 6ರಂದು. 2019ರಿಂದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಬಂದವು. ಬಾಗಿಲು ತೆರೆದಾಗಿದೆ. ಒಳಗೆ ಬಂದ ಇಂಗ್ಲಿಷ್ ಮಗುವಿನ ಮಾತನ್ನು ಒತ್ತರಿಸಿ ಕೂರುತ್ತದೋ, ಅದರ ಪಕ್ಕದಲ್ಲಿ ಕೂರುತ್ತದೋ ಎಂಬುದಷ್ಟೇ ಈಗ ಉಳಿದಿರುವ ಪ್ರಶ್ನೆ. ಬೆಳಗನ್ನು ಮೊದಲು ಮನೆಮಾತಿನಲ್ಲಿ ಹೇಳಿಸುವ ಪಾಠ ಕನ್ನಡಕ್ಕೂ ದುಡಿಯುತ್ತದೆ. ಚಾರ್ಟಿನ ಪಾಠ ಎರಡಕ್ಕೂ ದುಡಿಯುವುದಿಲ್ಲ.

ಕೊನೆಗೆ ಶಿಕ್ಷಕರ ಮಾತು. ಗುಡ್ಡದ ಶಾಲೆಗಳಲ್ಲಿ ಹಲವೆಡೆ ಇರುವವರು ಒಬ್ಬರು ಅಥವಾ ಇಬ್ಬರು. ಅವರೇ ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ಹಾಲಿನ ಪುಡಿಯ ದಾಸ್ತಾನು ನೋಡಬೇಕು. ತಮ್ಮ ಇಂಗ್ಲಿಷಿನ ಬಗ್ಗೆ ತಮಗೇ ಅಳುಕಿರುವವರೂ ಇದ್ದಾರೆ. ಅವರ ಮೇಲೆ ಇನ್ನೊಂದು ಹೊರೆ ಹಾಕುವ ಸಲಹೆಯಾಗಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ. ಹೆಚ್ಚಿನ ಪೀರಿಯಡ್ಡು ಇದಕ್ಕೆ ಬೇಡ, ಪ್ರಾರ್ಥನೆಯಿಂದ ಹಾಲಿನವರೆಗಿನ ಹೊತ್ತು ಹೇಗೂ ಕಳೆಯುವಂಥದೇ. ಒಂದನೇ ತರಗತಿಯಿಂದ ಮೂರರವರೆಗೆ ಒಟ್ಟಿಗೆ ಕೂತು ಕಲಿಯುವ ನಲಿ-ಕಲಿ ಕ್ರಮವೂ ಇದಕ್ಕೆ ಒದಗುತ್ತದೆ: ಮೂರನೆಯವನು ಹೇಳುತ್ತಾನೆ, ಒಂದನೆಯವಳು ಮಾಡುತ್ತಾಳೆ. ಬೇಕಿರುವುದು ತಪ್ಪಿಲ್ಲದ, ಧೈರ್ಯವಾಗಿ ಬಾಯಿಬಿಟ್ಟು ಹೇಳಬಹುದಾದ ಇಪ್ಪತ್ತು ಮೂವತ್ತು ವಾಕ್ಯಗಳು, ಅವುಗಳ ಉಚ್ಚಾರಣೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಇಂಗ್ಲಿಷ್ ಶಿಕ್ಷಕರ ತರಬೇತಿಯನ್ನೇ ಮಾಡುತ್ತ ಬಂದಿದೆ. ಚಿಕ್ಕಮಗಳೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಅದರ ನೆರವು ಕೇಳಬಹುದು. ಮೂಡಿಗೆರೆ, ಕಳಸದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಲ್ಲಿ (ಸಿಆರ್‌ಪಿ) ನನ್ನ ವಿನಂತಿ ಇಷ್ಟೇ. ಶಾಲೆ ಶುರುವಾದ ಮೇಲಿನ ಮೊದಲ ಕ್ಲಸ್ಟರ್ ಸಭೆಯಲ್ಲಿ, ಸುತ್ತೋಲೆಗಳನ್ನು ಓದಿ ಮುಗಿಸಿದ ಮೇಲೆ, ಒಂದು ಗಂಟೆ ಕೂತು ನಿಮ್ಮ ಶಾಲೆಗಳ ಬೆಳಗಿನಲ್ಲಿ ನಿಜವಾಗಿ ನಡೆಯುವ ಕೆಲಸಗಳನ್ನು ಕನ್ನಡದಲ್ಲಿ ಬರೆಯಿರಿ, ಎದುರಿಗೆ ಇಂಗ್ಲಿಷ್ ವಾಕ್ಯ ಬರೆಯಿರಿ, ಆ ಹಾಳೆಯನ್ನು ಎಲ್ಲ ಶಾಲೆಗಳಿಗೂ ಕಳಿಸಿ. ಜೂನಿನ ಮಳೆ ಹಿಡಿಯುವ ಮೊದಲು ಇದಾಗಲಿ.